ದುಂಡು ಮೇಜಿನ ಭಾವ

ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಏನು ಅಡುಗೆ ಎಂದು ಹೇಳದಿದ್ದರೂ ನಡೆಯುತ್ತದೆ, ಮೇಜು ಯಾವ ಆಕಾರದ್ದು ಎಂದು ಮಾತ್ರ ಮೊದಲೇ ತಿಳಿಸಬೇಕು! ಚೌಕದ್ದಾದರೆ ಅವರ ಮುಖ ಬಾಗಿಲಲ್ಲೇ ಬಾಡುತ್ತದೆ. ದುಂಡಗಿನದಾದರೆ ಉಳಿದವರ ಮುಖ ಬಾಡುತ್ತದೆ, ಏಕೆಂದರೆ ಎಲ್ಲರನ್ನೂ ಕ್ರಮವಾಗಿ ಕೂರಿಸುವ ತನಕ ಅವರು ಯಾರಿಗೂ ಬಡಿಸಲು ಬಿಡುವವರಲ್ಲ.

ಈ ಹುಚ್ಚು ಅಂಟಿದ್ದು ಮಗಳ ಪುಸ್ತಕದಿಂದ. ಭಾವ ಅಬುಧಾಬಿ ಕಡೆಯ ರುವೈಸಿನ ರಿಫೈನರಿಯೊಂದರ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಅಕ್ಕ, ಮಗಳ ಜೊತೆ ಕಂಪನಿಯ ಕ್ವಾರ್ಟರ್ಸಿನಲ್ಲಿ ವಾಸ. ಮಗಳು ಯಾವುದೋ ಪ್ರವೇಶ ಪರೀಕ್ಷೆಗೆಂದು ಲಾಜಿಕಲ್ ರೀಸನಿಂಗ್ ಪುಸ್ತಕ ತರಿಸಿದಳು. ಸುಮ್ಮನೆ ಒಂದು ಪುಟ ತಿರುವಿದ ಭಾವ ಪುಸ್ತಕವನ್ನು ವಾಪಸು ಕೊಡಲೇ ಇಲ್ಲ. ಎಯಿಂದ ಎಚ್‌ವರೆಗಿನ ಎಂಟು ಮಂದಿ ದುಂಡು ಮೇಜಿನ ಸುತ್ತ ಮಧ್ಯಕ್ಕೆ ಮುಖಮಾಡಿ ಕುಳಿತಿದ್ದಾರೆ. ಬಿ ಎಂಬವರು ಡಿಯ ಎಡಕ್ಕೆ ಮೂರನೆಯವರು. ಎಫ್ ಮತ್ತು ಜಿ ಪಕ್ಕಪಕ್ಕದಲ್ಲಿಲ್ಲ. ಹಾಗಾದರೆ ಯಾರ ಪಕ್ಕ ಯಾರು? ಇಂಥವನ್ನು ದಿನಕ್ಕೆ ಹತ್ತು ಬಿಡಿಸದಿದ್ದರೆ ಭಾವನಿಗೆ ತಿಂದದ್ದು ಕರಗದು. ಆ ಎಂಟು ಮಂದಿ ಅವರಿಗೆ ನಂಟರೇ ಆಗಿಬಿಟ್ಟರು.

"ಈ ಎಫ್‌ಗೂ ಜಿಗೂ ಎಂತ ಜಗಳವೋ ಮಾರಾಯ, ಒಂದು ದಿನ ಒಟ್ಟಿಗೆ ಕೂರುದಿಲ್ಲ!" ಎಂದು ದುಬೈಯಲ್ಲಿರುವ ನನಗೆ ಫೋನ್ ಮಾಡುತ್ತಿದ್ದರು.

ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು: "ಎಂಟು ಜನ ಬೆಳಗ್ಗಿಂದ ಕೂತಿದ್ದಾರೆ. ಒಬ್ಬರಿಗಾದ್ರೂ ಚಾ ಬೇಕಾ ಕೇಳಿ!"

ಒಮ್ಮೆ ಅಬುಧಾಬಿಯಲ್ಲಿ ನಮ್ಮ ಊರಿನವರ ಮದುವೆ ರಿಸೆಪ್ಷನ್. ಹಾಲ್ ತುಂಬ ದುಂಡು ಮೇಜುಗಳು, ಒಂದೊಂದಕ್ಕೆ ಎಂಟು ಕುರ್ಚಿ. ಭಾವನಿಗೆ ಇನ್ನೇನು ಬೇಕು! "ನೀವು ನಿಮ್ಮ ಅತ್ತೆಯ ಬಲಕ್ಕೆ ಎರಡನೆಯವರು," ಎಂದು ಅಪ್ಪಣೆ ಶುರುವಾಯಿತು. ಜನ ಬಿರಿಯಾನಿ ತಟ್ಟೆ ಹಿಡಿದು, ಅತ್ತೆಯ ಬಲ ಯಾವುದೆಂದು ಯೋಚಿಸುತ್ತ ನಿಂತರು. ಈ ಗಡಿಬಿಡಿಯಲ್ಲಿ, ವರ್ಷಗಳಿಂದ ಮಾತುಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಅಕ್ಕಪಕ್ಕ ಬಿದ್ದರು. ಇಬ್ಬರೂ ಕುರ್ಚಿ ತಿರುಗಿಸಿ ಮೇಜಿಗೆ ಬೆನ್ನುಹಾಕಿ ಕುಳಿತರು. ನಾನು ನಾಚಿಕೆಯಿಂದ ತಲೆತಗ್ಗಿಸಿದೆ. ಭಾವ ಮಾತ್ರ, "ಇಬ್ಬರು ಹೊರಮುಖ! ಪುಸ್ತಕದಲ್ಲಿ ಅದಕ್ಕೂ ಒಂದು ಚಾಪ್ಟರ್ ಉಂಟು!" ಎಂದು ಕೈತಟ್ಟಿದರು.

ಅಷ್ಟರವರೆಗೆ ನಕ್ಕಿದ್ದೇ ಬಂತು. ಆರು ತಿಂಗಳ ಹಿಂದೆ ಡ್ಯೂಟಿಯಲ್ಲಿರುವಾಗಲೇ ಭಾವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಮೆಲ್ಲಗೆ ಸರಿಯಾದವು, ಮಾತಂತೂ ಕೆಡಲೇ ಇಲ್ಲ. ಆದರೆ ಅವರ ಪಾಲಿಗೆ ಲೋಕದ ಎಡಗಡೆ ಇಲ್ಲವಾಯಿತು. ಕಣ್ಣು ಸರಿಯಿದೆ, ಮಿದುಳು ಎಡಗಡೆಯನ್ನು ಗಮನಕ್ಕೇ ತೆಗೆದುಕೊಳ್ಳುತ್ತಿಲ್ಲ ಎಂದರು ಡಾಕ್ಟರು. ಗಡ್ಡ ಬಲಗಡೆ ಮಾತ್ರ ಬೋಳಿಸಿಕೊಂಡು ಬರುವರು. ತಟ್ಟೆಯ ಬಲಭಾಗ ಖಾಲಿ ಮಾಡಿ, "ಎಂತ, ನೀರುದೋಸೆ ಇಷ್ಟೇ ಹಾಕಿದ್ದಾ?" ಎಂದು ಕೇಳುವರು. ಅಕ್ಕ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, "ತಗೊಳ್ಳಿ, ಈಗ ಬಿಸಿ ಬಿಸಿ ಬಂತು" ಎನ್ನುವಳು. ನಗಬೇಕೋ ಅಳಬೇಕೋ ನೀವೇ ಹೇಳಿ!

ಪುಸ್ತಕ ಮಾತ್ರ ಬಿಡಲಿಲ್ಲ. ವೃತ್ತ ಬರೆದು ಐದು ಮಂದಿಯನ್ನು ಬಲಗಡೆಗೇ ಒತ್ತೊತ್ತಾಗಿ ಕೂರಿಸಿ, "ಪ್ರಿಂಟ್ ಮಿಸ್ಟೇಕ್ ಮಾರಾಯ. ಎಂಟು ಮಂದಿ, ಐದೇ ಕುರ್ಚಿ!" ಎಂದು ಪುಸ್ತಕವನ್ನೇ ಬೈದರು.

ಎಡಗಡೆ ಕೂತು ಮಾತಾಡಿಸುತ್ತಿರಿ, ಆ ಕಡೆಗೆ ಗಮನ ಮರಳಬಹುದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಎಷ್ಟೋ ವರ್ಷಗಳಿಂದ ಊಟಕ್ಕೆ ಭಾವನ ಬಲಗಡೆ ಕೂರುತ್ತಿದ್ದವಳು ಎಡಕ್ಕೆ ಹೋದಳು. ಮೊದಲ ದಿನ ನಾನೂ ಅಲ್ಲಿದ್ದೆ. ಊಟದ ನಡುವೆ ಭಾವ ಮಗಳನ್ನು ಕೇಳಿದರು, "ಅಮ್ಮ ಎಲ್ಲಿ? ಊಟಕ್ಕೆ ಬರುದಿಲ್ವಾ?"

"ಇಲ್ಲೇ ಇದ್ದೇನಲ್ಲ," ಎಂದಳು ಪಕ್ಕದಲ್ಲಿದ್ದ ಅಕ್ಕ.

ಭಾವ ಬಲಕ್ಕೆ ತಿರುಗಿ ಹುಡುಕಿದರು. ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಮರುದಿನ ಮತ್ತೆ ಎಡಗಡೆಯೇ ಕುಳಿತಳು.

ಕೆಲಸಕ್ಕೆ ಮರಳಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಅದು ಸಿಗದಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ಮೂವರ ವೀಸಾ, ಕ್ವಾರ್ಟರ್ಸ್, ಮಗಳ ಶಾಲೆ. ಭಾವ ತಿಂಗಳುಗಟ್ಟಲೆ ಕತ್ತನ್ನು ಎಡಕ್ಕೆ ಹೊರಳಿಸಿ ಹೊರಳಿಸಿ ಅಭ್ಯಾಸ ಮಾಡಿದರು. ಕೊನೆಗೆ ಪರೀಕ್ಷೆಯ ದಿನ ಡಾಕ್ಟರು ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಭಾವ ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ತುರುಕಿ, "ಎಲ್ಲ ಬಂತು ನೋಡು!" ಎಂದು ಜೊತೆಗೆ ಬಂದಿದ್ದ ನನ್ನತ್ತ ನಕ್ಕರು. ಎಡಗಡೆಯ ಅಲಾರಂ ಕಾಣದವರನ್ನು ಕಂಟ್ರೋಲ್ ರೂಮಿನಲ್ಲಿ ಯಾರು ಕೂರಿಸುತ್ತಾರೆ? ಡಾಕ್ಟರು ಅನ್‌ಫಿಟ್ ಎಂದು ಬರೆದದ್ದರಲ್ಲಿ ತಪ್ಪಿರಲಿಲ್ಲ, ಹಾಗಾಗಿ ಸಿಟ್ಟು ಮಾಡಿಕೊಳ್ಳಲೂ ಯಾರೂ ಸಿಗಲಿಲ್ಲ. ಹೊರಗೆ ಬಂದು ಭಾವ "ಖಲಾಸ್" ಎಂದರು.

ಊರಿಗೆ ಹೊರಡುವ ಹಿಂದಿನ ದಿನ ಮೂವರೂ ದುಬೈಯ ಮಿರ್ದಿಫ್‌ನ ನನ್ನ ಫ್ಲಾಟಿಗೆ ಬಂದರು. ನನ್ನದು ದುಂಡು ಮೇಜು. ನಾಲ್ವರೂ ಕುಳಿತೆವು. ಆಗ ಮಗಳು ಮೆಲ್ಲಗೆ, "ಡ್ಯಾಡಿ, ಫೋರ್ ಪೀಪಲ್, ಫೇಸಿಂಗ್ ದ ಸೆಂಟರ್. ಹೂ ಈಸ್ ಆನ್ ಯುವರ್ ಲೆಫ್ಟ್?" ಎಂದಳು. ಈ ಹುಡುಗಿಗೆ ಇದೆಲ್ಲ ಈಗ ಬೇಕಿತ್ತೇ?

ಭಾವ ಬೆರಳು ಮಡಚಿದರು. "ನಾನು ಒಂದು. ಬಲಕ್ಕೆ ನೀನು. ಎದುರು ನಿನ್ನ ಮಾಮ. ಇನ್ನೊಂದು ಕುರ್ಚಿ ಉಂಟು." ನಾಲ್ಕನೆಯ ಬೆರಳನ್ನೂ ಮಡಚಿ ಹೇಳಿದರು, "ಅಲ್ಲಿ ನಿನ್ನ ಅಮ್ಮ."

"ಕ್ಯಾನ್ ಯು ಸೀ ಹರ್?" ಮಗಳು ಕೇಳಿದಳು.

"ಇಲ್ಲ ಮಗಾ, ಕಾಣುದಿಲ್ಲ. ಆದ್ರೆ ನಾನು ಊಟಕ್ಕೆ ಕೂತಾಗ ಅವಳು ಬೇರೆ ಎಲ್ಲಿ ಕೂತಾಳು?"

ಅಕ್ಕ ಕಣ್ಣೊರೆಸಿಕೊಂಡು, ಭಾವನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ತಗೊಳ್ಳಿ," ಎಂದಳು, "ಇನ್ನೂ ಅರ್ಧ ಉಂಟು."