ನಾನೂರು ಓಮಿನ ಕಾವು

ಕೋಳಿ ಮಾಡುವ ಕೆಲಸವನ್ನು ಕೋಳಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ ಎಂದು ಸಗರದ ಪಂಪಣ್ಣ ಪುಷ್ಯ ಮಾಸದ ಒಂದು ಮುಂಜಾನೆ ಪಣ ತೊಟ್ಟ. ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವನಾದರೂ, ರದ್ದಿ ಪುಸ್ತಕ ಓದಿ, ಕೈ ಸುಟ್ಟುಕೊಂಡು ಕರೆಂಟಿನ ವಿದ್ಯೆ ಕಲಿತವನು. ಊರಿನ ರೇಡಿಯೋ, ಮೋಟಾರುಗಳೆಲ್ಲ ನಲವತ್ತು ವರ್ಷ ಅವನ ಕೈಯಲ್ಲೇ ಸತ್ತು ಹುಟ್ಟಿದ್ದವು.

ಅದೇ ದಿನ ನಸುಕಿನಲ್ಲಿ ನಾಯಿಯೊಂದು ಹೆಂಡತಿ ಗೊಲ್ಲಾಳಮ್ಮನ ಚುಕ್ಕಿ ಹೇಂಟೆಯನ್ನು ಹೊತ್ತೊಯ್ದಿತ್ತು. ಹೇಂಟೆ ಒಂಬತ್ತು ದಿನದಿಂದ ಹದಿಮೂರು ತತ್ತಿಗಳ ಮೇಲೆ ಕಾವಿಗೆ ಕೂತಿತ್ತು. ಗೊಲ್ಲಾಳಮ್ಮನ ಅವ್ವ ಸುರಪುರದಿಂದ ಕೊನೆಯ ಸಲ ಬಂದಾಗ ಬುಟ್ಟಿಯಲ್ಲಿ ತಂದ ಕೋಳಿಯ ವಂಶ ಅದು. ಅವ್ವ ಹೋಗಿ ಆರು ವರ್ಷ. ತವರಿನದೆಂದು ಉಳಿದದ್ದು ಆ ಹದಿಮೂರು ತತ್ತಿ ಮಾತ್ರ.

"ಬಾಜೂ ಮನಿ ಮುಬೀನಾನ ಕೋಳಿ ಕಾವಿಗಿ ಕೂತದ. ಅದರ ಬುಡಕ ನಾಕೈದು ಇಡೂಣು, ಉಳದದ್ದು ದುರಗಮ್ಮನ ಮನ್ಯಾಗ ಕೇಳೂಣು," ಎಂದಳು ಗೊಲ್ಲಾಳಮ್ಮ.

"ಮಂದಿ ಮನಿ ಕೋಳಿ ಕಾಲಿಗಿ ಬೀಳಬೇಕೇನ ನಾನು? ಕೋಳಿಗಿ ಕರೆಂಟು ತಡಿಯೂ ಓಮ್ ಅಂದ್ರೇನು ಗೊತ್ತದನು?"

"ಗೊತ್ತಿಲ್ರಿ. ಆದ್ರ ಮರಿ ಮಾಡೂದು ಗೊತ್ತದ."

ಈ ಮಾತನ್ನು ಪಂಪಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವಿನ ಹಣ್ಣಿನ ಹಲಗೆ ಪೆಟ್ಟಿಗೆಯೊಂದಕ್ಕೆ ಒಳಗೆ ಗೋಣಿತಟ್ಟು ಹೊಡೆದ. ಕೆಟ್ಟ ಕರೆಂಟ್ ಒಲೆಗಳ ಕಾಯಿಲುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿ ತಳದಲ್ಲಿ ಸುತ್ತಿದ. ಹನ್ನೊಂದು ಗಂಟೆಗೆ ವೈರು ಚುಚ್ಚಿ, ಮೀಟರ್ ಹಿಡಿದು, ರಾಜ್ಯಾಭಿಷೇಕದ ಗತ್ತಿನಲ್ಲಿ ಓದಿದ: "ವೋಲ್ಟೇಜ್ ನೂರಾ ಅರವತ್ತು. ಕರೆಂಟು ಸೊನ್ನಿ ಪಾಯಿಂಟ್ ನಾಕು. ಭಾಗಿಸಿದ್ರ ನಾನೂರು ಓಮ್. ಗುಣಿಸಿದ್ರ ಅರವತ್ನಾಕು ವ್ಯಾಟ್. ಬರಕೋ!"

"ಎಲ್ಲಿ ಬರಕೊಳ್ಳಲಿ, ರೊಟ್ಟಿ ಮ್ಯಾಲ?" ಎಂದಳು ಗೊಲ್ಲಾಳಮ್ಮ, ಹಿಟ್ಟಿನ ಕೈಯಲ್ಲೇ.

ಪೆಟ್ಟಿಗೆಯೊಳಗೆ ಜ್ವರ ನೋಡುವ ಕಡ್ಡಿ ಇಟ್ಟ. ತಾಸಿನ ಮೇಲೆ ಕಡ್ಡಿ ಸರಿಯಾಗಿ ನೂರು ಡಿಗ್ರಿ ತೋರಿಸಿತು. ಕೋಳಿಯ ಹೊಟ್ಟೆಯ ಕಾವೂ ಅಷ್ಟೇ. ಪಂಪಣ್ಣನ ಮೀಸೆ ತಾನಾಗಿ ಮೇಲೆದ್ದಿತು. ಹೆಂಡತಿಯನ್ನು ಕರೆದು, ಒಂದು ತತ್ತಿಯ ಹಿಂದೆ ಬ್ಯಾಟರಿ ಹಿಡಿದು ತೋರಿಸಿದ. ಒಳಗೆ ಕೆಂಪು ಎಳೆಗಳ ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಗೊಲ್ಲಾಳಮ್ಮ ಬಗ್ಗಿ ಕಣ್ಣಿಟ್ಟು ನೋಡಿದಳು. ಆಮೇಲೆ ಅಷ್ಟೂ ತತ್ತಿಗಳನ್ನು ತಾನೇ ಎತ್ತಿ ಕೊಟ್ಟಳು. ನಾಲ್ಕರಂತೆ ಮೂರು ಸಾಲು, ಹನ್ನೆರಡು ಹಿಡಿಸಿದವು.

"ಈ ಹದಿಮೂರನೇದು ಲೆಕ್ಕದಾಗ ಕೂಡೂದಿಲ್ಲ," ಎಂದು ಪಂಪಣ್ಣ ಒಂದನ್ನು ಹೊರಗಿಟ್ಟ. ಗೊಲ್ಲಾಳಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಮುಬೀನಾಳ ಮನೆಗೆ ಒಯ್ದು ಅವಳ ಕೋಳಿಯ ಬುಡಕ್ಕಿಟ್ಟಳು.

ಬಂದವಳು ಮಿಕ್ಸಿಯ ಭಾಂಡಿಗೆ ಶೇಂಗಾ ಸುರಿದು ಮುಚ್ಚಿಟ್ಟಳು. "ಚಟ್ನಿ ನಾಕರ ಮ್ಯಾಲ ಮಾಡ್ತೀನ್ರಿ. ಈಗ ಹೊಲದ ಮೋಟಾರ್ ನಡದಾವ, ಮಿಕ್ಸಿ ನರಳತದ."

"ಇಲ್ಲಿ ನಾನೂರು ಓಮಿನ ಮಾತು ನಡದದ, ನಡುವ ಚಟ್ನಿ ತರಬ್ಯಾಡ."

ಅವಳು ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಪಂಪಣ್ಣ ಶರೀಫಸಾಬನ ಹೋಟೆಲಿಗೆ ಹೋಗಿ, ಕೋಳಿ ಜಾತಿಗೆ ಇನ್ನು ಕೆಲಸವಿಲ್ಲ ಎಂದು ಸಂಜೆಯವರೆಗೆ ಸಾರಿದ. ನಾಲ್ಕು ಕಪ್ ಚಹಾ ಮುಗಿದವು. ಹೊತ್ತು ಮುಳುಗಿದಾಗ ಶರೀಫಸಾಬ ಬಲ್ಬು ಹಾಕಿದ. ಅದು ಹಾಲು ಚೆಲ್ಲಿದಂತೆ ಬೆಳಗಿತು.

"ಭಾರಿ ವೋಲ್ಟೇಜ್ ಬಂದದಲ್ಲೋ," ಎಂದ ಪಂಪಣ್ಣ ಮೆಚ್ಚಿ.

"ನಾಕಕ್ಕ ಮೋಟಾರ್ ಎಲ್ಲಾ ಬಂದ್ ಆಗ್ಯಾವಲ್ಲ, ದಿನಾ ಹಿಂಗೇ ಬರ್ತದ," ಎಂದ ಶರೀಫಸಾಬ.

"ಈಗ ಎರಡನೂರಾ ನಲವತ್ತು ಇರತದ. ಅಂದ್ರ ಮಧ್ಯಾಹ್ನದ ಒಂದೂವರಿ ಪಟ್ಟು. ಆದ್ರ ತಿಳ್ಕೊ ಶರೀಫ, ಶಾಖ ಒಂದೂವರಿ ಪಟ್ಟು ಆಗೂದಿಲ್ಲ. ವೋಲ್ಟೇಜ್ ಏರಿದ್ರ ಕರೆಂಟೂ ಏರತದ. ಒಂದೂವರಿಗಿ ಒಂದೂವರಿ ಗುಣಿಸು, ಎರಡೂಕಾಲು ಪಟ್ಟು. ಅರವತ್ನಾಕು ವ್ಯಾಟ್ ಇದ್ದದ್ದು ನೂರಾ ನಲವತ್ನಾಕು..."

ಅಲ್ಲಿಗೆ ಪಂಪಣ್ಣನ ಬಾಯಿ ನಿಂತಿತು. ಕಾಲು ಓಡತೊಡಗಿತು. ಚಪ್ಪಲಿ ಹೋಟೆಲಿನಲ್ಲೇ ಉಳಿದವು.

ಮನೆಗೆ ಬಂದಾಗ ತಟ್ಟು ಕಮರಿದ ವಾಸನೆ ಅಂಗಳದವರೆಗೂ ಬಂದಿತ್ತು. ಗೊಲ್ಲಾಳಮ್ಮ ಹತ್ತಿಯ ಗಂಟನ್ನೂ ಬಿಚ್ಚದೆ ಪೆಟ್ಟಿಗೆಯ ಮುಂದೆ ಕೂತಿದ್ದಳು. ವೈರು ಕಿತ್ತು ಹಾಕಿದ್ದಳು. ಜ್ವರದ ಕಡ್ಡಿಯಲ್ಲಿ ಪಾದರಸ ತುದಿ ಮುಟ್ಟಿತ್ತು. ಕೈ ಸುಡುತ್ತದೆಂದು ಸೆರಗು ಹಿಡಿದು, ಒಂದೊಂದೇ ತತ್ತಿಯನ್ನು ತೆಗೆದು ನೆಲದ ಮೇಲೆ ಇಡುತ್ತಿದ್ದಳು, ಮಲಗಿಸಿದ ಹಾಗೆ.

ಪಂಪಣ್ಣ ಹನ್ನೆರಡರ ಹಿಂದೆಯೂ ಬ್ಯಾಟರಿ ಹಿಡಿದು ನೋಡಿದ. ಯಾವುದರಲ್ಲೂ ಚುಕ್ಕೆ ಮಿಡಿಯಲಿಲ್ಲ.

"ಲೆಕ್ಕ ತಪ್ಪಿರಲಿಲ್ಲ ಗೊಲ್ಲಾಳಿ. ಮೋಟಾರಿಂದು ಲಕ್ಷ್ಯಕ್ಕ ಬರಲಿಲ್ಲ."

"ನಾ ಹೇಳಿದ್ನಲ್ರಿ, ಚಟ್ನಿ ಮಾತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಪಂಪಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಹೊಲದ ಮೋಟಾರು ನಿಂತರೆ ಮನೆಯ ಕರೆಂಟು ಏರುತ್ತದೆಂಬ ಸಂಗತಿ, ಓಮು ಓದದ ಹೆಂಡತಿಗೆ ಮಿಕ್ಸಿಯ ದನಿಯಿಂದಲೇ ತಿಳಿದಿತ್ತು. ಮೀಟರ್ ಹಿಡಿದವನು ಅವಳನ್ನು ಕೇಳಿರಲಿಲ್ಲ. ಆವತ್ತು ಮನೆಯಲ್ಲಿ ಮಿಕ್ಸಿ ತಿರುಗಲಿಲ್ಲ.

ಹನ್ನೆರಡು ದಿನ ಕಳೆದು ಒಂದು ಮುಂಜಾನೆ ಮುಬೀನಾ ಮೊರ ಹಿಡಿದು ಬಂದಳು. "ದೊಡ್ಡವ್ವ, ನಿಮ್ಮ ಚುಕ್ಕಿದು ಬಂದದ ನೋಡ್ರಿ." ಮೊರದಲ್ಲಿ, ಲೆಕ್ಕದಲ್ಲಿ ಕೂಡದ ಆ ಹದಿಮೂರನೆಯದು ಚಿಂವ್ ಚಿಂವ್ ಎನ್ನುತ್ತಿತ್ತು.

ಗೊಲ್ಲಾಳಮ್ಮ ಮರಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ, ಹನ್ನೆರಡು ದಿನದಿಂದ ಮೀಟರ್ ಮುಟ್ಟದೆ ಕಟ್ಟೆಯ ಮೇಲೆ ಕೂತಿದ್ದ ಗಂಡನ ಅಂಗೈಯಲ್ಲಿ ಅದನ್ನಿಟ್ಟಳು.

ಪಂಪಣ್ಣ ಒಳಗಿನ ಸ್ವಿಚ್ಚಿನ ಕಡೆ ನೋಡಿದ. "ಥಂಡಿ ಭಾಳ ಅದ. ಮುಬೀನಾ ವಾಪಸ್ ಒಯ್ಯೂ ತನಕ ಒಂದು ಸಣ್ಣ ಬಲ್ಬ್ ಹಚ್ಚಿದ್ರ..."

"ಬ್ಯಾಡ್ರಿ," ಎಂದಳು ಗೊಲ್ಲಾಳಮ್ಮ. "ಅಂಗೈ ಮುಚ್ಚಿ ಹಿಡೀರಿ. ಮೋಟಾರ್ ಬಂದ್ ಆದ್ರೂ ಅದರ ಶಾಖ ಏರೂದಿಲ್ಲ."