ಬಾಣದ ಗುರುತಿನೊಳಗಿನ ದರ

ನಾಲ್ಕುನೂರು ಕ್ವಿಂಟಲ್ ತೊಗರಿ. ಮಾಲು ಮೂವರದು: ಆಳಂದದಿಂದ ನಾನು, ಅಫಜಲಪುರದ ಒಬ್ಬ ಸೇಠರು, ಜೇವರ್ಗಿಯ ಒಬ್ಬ ಅಡತಿ ದಲ್ಲಾಳಿಯವರು. ಕ್ವಿಂಟಲಿಗೆ ಏಳು ಸಾವಿರದ ಏಳುನೂರು ಬಂದರೂ ಕೊಟ್ಟುಬಿಡೋಣ ಎಂದು ನಮ್ಮೊಳಗೆ ಮಾತಾಗಿತ್ತು. ಕೊಳ್ಳುವ ದಾಲ್ ಮಿಲ್ಲಿನ ಮಾಲೀಕರು, "ಬಾಯಿಮಾತು ಬ್ಯಾಡ್ರಿ, ಮೂವರೂ ಕೂಡಿ ಒಂದೇ ಫೈಲ್ ಕಳಸ್ರಿ" ಎಂದರು. ಮೂವರು ವ್ಯಾಪಾರಿಗಳು ಕೂಡಿ ಒಂದು ಕಾಗದ ಬರೆಯುವುದೆಂದರೆ ಮುಂದೆ ಹೇಳುವಂಥವೆಲ್ಲ ನಡೆಯುವವೇ.

ಮೊದಲು ಕಳಿಸಿದ ಫೈಲು ಸೇಠರ ಫೋನಿನಲ್ಲಿ ಬರೀ ಚೌಕಗಳಾಗಿ ಕಂಡಿತು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಮಗಳು ಒಂದು ಪುಕ್ಕಟೆ ಆ್ಯಪ್ ಹಾಕಿಕೊಟ್ಟು ಮಾರ್ಕ್‌ಡೌನ್ ಕಲಿಸಿದಳು. ಸಾದಾ ಅಕ್ಷರ, ನಾಲ್ಕಾರು ಗುರುತು, ಅಷ್ಟೇ. ಸಾಲಿನ ಮುಂದೆ # ಇಟ್ಟರೆ ಶೀರ್ಷಿಕೆ, ಎರಡೂ ಬದಿ ಜೋಡಿ ನಕ್ಷತ್ರ ಇಟ್ಟರೆ ದಪ್ಪಕ್ಷರ. ಬರೆಯುವ ಪರದೆಯಲ್ಲಿ ಗುರುತುಗಳು ಕಾಣುತ್ತವೆ. ಓದುವ ಪರದೆಯಲ್ಲಿ ಅಚ್ಚುಕಟ್ಟಾದ ಕಾಗದ.

೧. ಮೊದಲನೇ ಹೆಸರು

ಯಾರ ಹೆಸರು ಮೊದಲು ಎಂಬಲ್ಲೇ ಜಗಳ ಹತ್ತಿತು.

"ಭೀಮಾ ದಂಡಿ ಮಾಲು ನಮ್ದು. ನಮ್ದೇ ಮೊದಲ" ಎಂದರು ಸೇಠರು.

"ಲಾರಿ ನಿಲ್ಲೋದು ನಮ್ಮ ರೋಡಿಗ್ರಿ" ಎಂದರು ಜೇವರ್ಗಿಯವರು.

ಮಾರ್ಕ್‌ಡೌನಿನಲ್ಲಿ ಪಟ್ಟಿಯ ಪ್ರತಿ ಸಾಲಿಗೂ 1 ಎಂದೇ ಹಾಕಬಹುದು. ಹಾಗೇ ಹಾಕಿದೆ. ಬರೆಯುವ ಪರದೆ ಹಿಡಿದು ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿದೆ: "ನೋಡ್ರಿ, ನಿಮ್ದೇ ಒಂದನೇ ನಂಬರ."

"ಬರೋಬರ್ ಅದ" ಎಂದರು ಸೇಠರು. ಜೇವರ್ಗಿಯವರೂ ಮೀಸೆ ತಿರುವಿದರು.

ಓದುವ ಪರದೆಯಲ್ಲಿ ಆ್ಯಪ್ ತಾನೇ ಒಂದು, ಎರಡು, ಮೂರು ಎಂದು ಎಣಿಸಿಕೊಂಡಿತು. ಒಂದನೆಯದು ನನ್ನ ಹೆಸರು. ಯಂತ್ರದ ತೀರ್ಮಾನ, ನಾನೇನು ಮಾಡಲಿ?

೨. ಜರಡಿ

ಬಾಣದ ಮೊನೆಯಂಥ ಗುರುತುಗಳ ನಡುವೆ ಬರೆದದ್ದು ಓದುವ ಪರದೆಯಲ್ಲಿ ಕಾಣುವುದಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವ ನಮಗೆ ಇದಕ್ಕಿಂತ ಹಿತವಾದದ್ದು ಇನ್ನೇನು? ಸೇಠರ ಫೋನಿಗೂ ಆ್ಯಪ್ ಹಾಕಿ ಬರೆಯುವ ಪರದೆ ತೋರಿಸಿಕೊಟ್ಟಿದ್ದೆ; ಅವರಿಗಷ್ಟೇ ತಿಳಿದಿರಲಿ ಎಂದು ಅಲ್ಲೊಂದು ಸಾಲು ಬರೆದೆ: "ಜೇವರ್ಗಿ ಮಾಲಿನಾಗ ಕಸ ಭಾಳ." ಆಮೇಲೆ ಫೈಲನ್ನು ಇಬ್ಬರಿಗೂ ಕಳಿಸಿದೆ.

ಜೇವರ್ಗಿಯವರ ಫೋನಿನಲ್ಲಿ ನಮ್ಮ ಆ್ಯಪ್ ಇರಲಿಲ್ಲ. ಅವರು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರು. ಅದರಲ್ಲಿ ಎಲ್ಲವೂ ಬಯಲು.

"ಸಾವ್ಕಾರ್ರ, ನಮ್ಮ ಮಾಲಿನಾಗ ಕಸ ಅದ ಏನ್ರಿ?"

"ಯಾರಂದ್ರಿ?"

"ನೀವೇ ಬರ್ದೀರಿ. ಈ ಕಡಿ ಒಂದು ಬಾಣ, ಆ ಕಡಿ ಒಂದು ಬಾಣ, ನಡುವ ನನ್ನ ಮರ್ಯಾದಿ!"

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವರ ಮಾಲು ಎರಡೆರಡು ಸಲ ಜರಡಿ ಹಿಡಿಸಿಕೊಂಡು ಬಂತು. ಬಾಯಿಬಿಟ್ಟು ಹೇಳಿದ್ದರೆ ಒಂದು ಸಲವೂ ಹಿಡಿಸುತ್ತಿರಲಿಲ್ಲ.

೩. ಗುಟ್ಟು

"ಅರೆ ಭಾಯ್, ಮಿಲ್ಲಿನವರಿಗೆ ಕಳಿಸೋ ಮುಂದ ಒಳಗಿಂದು ತೆಗೀರಿ" ಎಂದರು ಸೇಠರು.

"ತೆಗೆಯೋದ್ಯಾಕ್ರಿ? ಬದಲು ಮಾಡೋಣ."

ಆ ಮಾಲೀಕರು ಚೀಲದ ಬಾಯಿಯ ಕಾಳು ನೋಡಿ ನಂಬುವ ಪೈಕಿ ಅಲ್ಲ. ತಳಕ್ಕೆ ಚುಚ್ಚಿ ತೆಗೆದು ನೋಡುವವರು. ಫೈಲನ್ನೂ ಹಾಗೇ ನೋಡುತ್ತಾರೆಂದು ನನ್ನ ಅಂದಾಜು. ಮೇಲೆ ದಪ್ಪಕ್ಷರದಲ್ಲಿ ಎಂಟು ಸಾವಿರದ ಮುನ್ನೂರು ಎಂದು ಹಾಕಿದೆ. ಬಾಣದ ಗುರುತಿನೊಳಗೆ ಬರೆದೆ: "ಏನೇ ಆಗಲಿ, ಎಂಟು ಸಾವಿರದ ಕೆಳಗೆ ಬಿಡಬಾರದು. ಮಿಲ್ಲಿನವರಿಗೆ ಗೊತ್ತಾಗಬಾರದು."

ಫೈಲು ಕಳಿಸಿದ ಮರುದಿನವೇ ಮಿಲ್ಲಿನಿಂದ ಕರೆ ಬಂತು. ಹೋದೆವು. ಮಾಲೀಕರು ಚಹಾ ತರಿಸಿ ಮುಗುಳ್ನಕ್ಕರು.

"ಎಂಟು ಸಾವಿರ. ಮ್ಯಾಲ ಒಂದು ರೂಪಾಯಿ ಇಲ್ಲ."

"ಗಿಟ್ಟಂಗಿಲ್ರಿ" ಎಂದು ನಾನು ಮುಖ ಸಣ್ಣದು ಮಾಡಿದೆ.

"ಗಿಟ್ಟತದ. ನಿಮ್ಮ ಹೊಟ್ಯಾಗಿಂದು ನನಗೆಲ್ಲಾ ಗೊತ್ತದ."

ಸೇಠರು ಹಣೆ ಒರೆಸಿಕೊಂಡರು. ಜೇವರ್ಗಿಯವರು, "ಇವರ ಮುಂದ ನಮ್ದೇನೂ ನಡಿಯಂಗಿಲ್ಲ ಬಿಡ್ರಿ" ಎಂದು ಎಷ್ಟು ದೊಡ್ಡ ನಿಟ್ಟುಸಿರು ಬಿಟ್ಟರೆಂದರೆ ನನಗೇ ಕನಿಕರ ಬಂತು. ವ್ಯವಹಾರ ಕುದುರಿತು.

ಬಾಗಿಲವರೆಗೂ ಬಂದು ಕಳಿಸಿಕೊಟ್ಟ ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಾವ್ಕಾರ್ರ, ಇನ್ನ ಮುಂದ ಎಲ್ಲಾ ಈ ಮಾರ್ಕ್‌ಡೌನಿನಾಗೇ ಕಳಸ್ರಿ. ಓದಾಕ ಭಾಳ ಸವಲತ್ತದ" ಎಂದರು.

ನಾವು ಮೊದಲು ಮಾತಾಡಿಕೊಂಡ ದರಕ್ಕಿಂತ ಕ್ವಿಂಟಲಿಗೆ ಮುನ್ನೂರು ಹೆಚ್ಚಿಗೆ. ನಾಲ್ಕುನೂರು ಕ್ವಿಂಟಲಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ಆ್ಯಪಿನ ಖರ್ಚು ಸೊನ್ನೆ.