ಸೊಸೆಯ ಬೆಲ್ಟು, ಅತ್ತೆಯ ಅಂಕ

ಬೆಲ್ಟ್ ಪರೀಕ್ಷೆಯ ದಿನ ನಾನು ಎರಡು ಪೆನ್ನು ಇಟ್ಟುಕೊಂಡು ಹೊರಡುತ್ತೇನೆ. ಒಂದು ಅಂಕ ಬರೆಯಲು, ಇನ್ನೊಂದು ನಗು ಬರುವಂಥದ್ದು ನಡೆದರೆ ಬರೆದಿಡಲು. ಎರಡನೇ ಪೆನ್ನಿನ ಶಾಯಿಯೇ ಯಾವಾಗಲೂ ಮೊದಲು ಮುಗಿಯುತ್ತದೆ.

ನನ್ನ ಸೊಸೆ ಕರಾಟೆ ಕಲಿಸುತ್ತಾಳೆ. ವಾರವೆಲ್ಲ ಚಳ್ಳಕೆರೆಯಲ್ಲಿ, ಒಂದು ಹಳೇ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ. ಭಾನುವಾರ ಮೊಳಕಾಲ್ಮೂರಿನ ಸಮುದಾಯ ಭವನದಲ್ಲಿ. ಮಿಲ್ಲು ನಿಂತು ಕಾಲವಾಯಿತು, ಆದರೆ ಗೋಡೆಗಳಿಂದ ಶೇಂಗಾ ಎಣ್ಣೆಯ ವಾಸನೆ ಹೋಗಿಲ್ಲ. ತರಗತಿ ಮುಗಿದೊಡನೆ ಮಕ್ಕಳೆಲ್ಲ ನೇರ ಮಂಡಕ್ಕಿ ಮಿರ್ಚಿ ಅಂಗಡಿಗೆ ಓಡುವುದಕ್ಕೆ ಆ ವಾಸನೆಯೇ ಕಾರಣ ಎಂದು ನನ್ನ ಅನುಮಾನ.

ಅವಳು ಕಲಿಸುವವಳು, ನಾನು ಬರೆದಿಡುವವಳು. ನಮ್ಮೂರಿನ ಹೆಣ್ಣುಮಕ್ಕಳು ಹೈಸ್ಕೂಲು ದಾಟುವುದೇ ಅಪರೂಪವಾಗಿದ್ದ ಕಾಲಕ್ಕೆ ಚಿತ್ರದುರ್ಗಕ್ಕೆ ಹೋಗಿ ಬಿ.ಎ. ಮಾಡಿದವಳು ನಾನು. ಯಾವ ಮಗು ಯಾವ ಪರೀಕ್ಷೆಯಲ್ಲಿ ಯಾವ ಕಾಲು ತಪ್ಪಿಟ್ಟಿತು ಎಂದು ಕೇಳಿ, ಪುಟ ತೆಗೆದು ತೋರಿಸುತ್ತೇನೆ. ನಮ್ಮಲ್ಲಿ ಬಿಳಿ ಬೆಲ್ಟಿನಿಂದ ಶುರು. ಆಮೇಲೆ ಹಳದಿ, ಹಸಿರು, ನೀಲಿ, ಕಂದು, ಕೊನೆಗೆ ಕಪ್ಪು. ಪ್ರತಿ ಬಣ್ಣಕ್ಕೂ ಒಂದು ಪರೀಕ್ಷೆ. ಪಾಸಾದರೆ ಬೆಲ್ಟು, ಇಲ್ಲವಾದರೆ ಮತ್ತೆ ಅಭ್ಯಾಸ.

ಕಳೆದ ವರ್ಷ ನಮ್ಮ ಮೇಲಿನ ಸಂಸ್ಥೆಯವರು ಹೊಸ ನಿಯಮ ತಂದರು. ಪರೀಕ್ಷೆ ನಡೆಸುವವರು ಆ ವರ್ಷ ಮುಗಿಯುವುದರೊಳಗೆ ಕಪ್ಪು ಬೆಲ್ಟಿನ ಎರಡನೇ ಹಂತ ದಾಟಿರಬೇಕು. ನನ್ನ ಸೊಸೆಯದು ಮೊದಲನೇ ಹಂತ. ಅವಳು ಪಾಸಾಗದಿದ್ದರೆ ನಮ್ಮ ಮಕ್ಕಳನ್ನು ಪರೀಕ್ಷೆಗೆ ಊರಾಚೆಯ ಇನ್ನೊಂದು ಶಾಲೆಗೆ ಕಳಿಸಬೇಕಿತ್ತು. ಆ ಶಾಲೆಯಲ್ಲಿ ಇದುವರೆಗೆ ಯಾರೂ ಫೇಲಾಗಿಲ್ಲ. ಪರೀಕ್ಷೆಯ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಹುಡುಗನೂ ಪಾಸಾಗಿದ್ದಾನೆ.

ತಿಳಿ ಹಳದಿ

ಎಪಿಎಂಸಿಯಲ್ಲಿ ಶೇಂಗಾ ವ್ಯಾಪಾರ ಮಾಡುವವರೊಬ್ಬರ ಮಗ ಹಳದಿ ಬೆಲ್ಟಿನ ಪರೀಕ್ಷೆಯಲ್ಲಿ ಫೇಲಾದ. ಮರುದಿನ ತಂದೆ ಬಂದರು. ಸೊಸೆಯನ್ನು ಕಂಡರೆ ಅವರಿಗೆ ಸಂಕೋಚ, ಹಾಗಾಗಿ ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಅಮ್ಮಾರೆ, ಮಾರ್ಕೆಟ್ಟಿಗೆ ಲೋಡುಗಟ್ಲೆ ಮಾಲು ಬರ್ತೈತೆ. ನಾವು ಒಂದು ಮುಷ್ಟಿ ಕಾಯಿ ಸುಲಿದು ನೋಡಿ ಇಡೀ ಚೀಲಕ್ಕೆ ರೇಟು ಹೇಳ್ತೀವಿ. ನೀವು ನನ್ ಮಗನ ಒಂದೊಂದೇ ಬೆರಳು ನೋಡ್ತೀರಂತಲ್ರೀ!"

"ಬೆರಳು ಮಡಚೋದು ಗೊತ್ತಿಲ್ದೆ ಗುದ್ದಿದ್ರೆ ಮುರಿಯೋದು ಅವನ ಬೆರಳೇ ಅಲ್ವೇನಪ್ಪ? ಅದಿರ್ಲಿ, ನೀವು ಸುಲಿದ ಮುಷ್ಟಿಲಿ ಜೊಳ್ಳು ಕಂಡ್ರೆ ಏನ್ಮಾಡ್ತೀರಾ?"

"ಜೊಳ್ಳು ಇದ್ರೆ..." ಎಂದು ಸೂರು ನೋಡಿದರು. ವ್ಯಾಪಾರದಲ್ಲಿ ಸುಳ್ಳು ಹೇಳದ ಮನುಷ್ಯ. "ವಾಪಸ್ ಕಳ್ಸಲ್ಲ ರೀ. ಸ್ವಲ್ಪ ಕಮ್ಮಿ ಮಾಡಿ ತಗೊಂತೀವಿ."

ಜೊಳ್ಳಿಗೆ ಪೂರ್ತಿ ರೇಟಿಲ್ಲ ಎಂದು ಅವರೇ ಒಪ್ಪಿದರು, ಗೆದ್ದೆ ಎಂದುಕೊಂಡು ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಅವರು ಮೇಜಿನ ಮೇಲೆ ಬಾಗಿದರು.

"ಹಂಗಾದ್ರೆ ನಮ್ ಹುಡುಗನ್ನೂ ಹಂಗೇ ಮಾಡ್ರಲ್ಲ. ಪೂರ್ತಿ ಹಳದಿ ಬ್ಯಾಡ. ತಿಳಿ ಹಳದಿ ಕೊಡ್ರಿ."

ಬಣ್ಣ ಯಾರ ವಿದ್ಯೆ

ಮೊಳಕಾಲ್ಮೂರಿನಲ್ಲಿ ಒಬ್ಬ ಹುಡುಗಿ ಹಸಿರು ಬೆಲ್ಟಿಗೆ ಫೇಲಾದಳು. ಅವಳ ತಾತ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಅಲ್ಲಿನ ಮಗ್ಗಗಳ ಎಷ್ಟೋ ಸೀರೆಗಳ ಬಣ್ಣ ಅವರ ಕೈಯಿಂದ ಬಂದದ್ದು.

ಮುಂದಿನ ಭಾನುವಾರ ಹುಡುಗಿ ಹಸಿರು ಬೆಲ್ಟು ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲೇ ನಿಂತಳು. ನಾವು ಕೊಡುವಂಥ ಹಸಿರಲ್ಲ. ಗಿಳಿ ಹಸಿರು, ಕಣ್ಣು ಕೋರೈಸುವಂಥದ್ದು. ಉಳಿದ ಮಕ್ಕಳೆಲ್ಲ ತಮ್ಮ ತಮ್ಮ ಬೆಲ್ಟು ನೋಡಿಕೊಂಡು ಸಪ್ಪಗಾದರು.

"ಯಾರಮ್ಮ ಕೊಟ್ಟಿದ್ದು ಇದನ್ನ?" ಎಂದಳು ಸೊಸೆ.

"ನಮ್ ತಾತ, ಮೇಡಂ."

ತಾತ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅಪರಾಧವೇನೂ ಮಾಡಿಲ್ಲವೆಂಬ ಮುಖದಲ್ಲಿ ಒಳಗೆ ಬಂದರು. "ಚೂಡಮ್ಮಾ, ಇಲ್ನೋಡು, ಹಳದಿ ಮ್ಯಾಲೆ ನೀಲಿ ಕೊಟ್ರೆ ಹಸಿರು ಬರ್ತೈತೆ. ಇಷ್ಟಕ್ಕೆ ಹುಡುಗಿನ ಯಾಕಮ್ಮ ಅಳಿಸ್ತೀರಾ? ನನಗೆ ಒಂದು ಮಾತು ಹೇಳಿದ್ರೆ ಎಲ್ರಿಗೂ ಹಾಕ್ಕೊಡ್ತಿದ್ದೆ."

ನಗಬಾರದು ಎಂದು ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಸೊಸೆ ಮಾತ್ರ ಗಂಭೀರವಾಗಿ ಕೇಳಿದಳು. "ತಾತ, ಬಣ್ಣ ನೂಲಿಗೆ ಸರಿಯಾಗಿ ಹಿಡಿದೈತೋ ಇಲ್ವೋ ಹೆಂಗೆ ತಿಳ್ಕೊಂತೀರಾ?"

"ನೀರಿಗೆ ಹಾಕಿ ಹಿಂಡ್ತೀನಿ. ಬಣ್ಣ ಬಿಡ್ತು ಅಂದ್ರೆ ಮತ್ತೆ ಹಂಡೆಗೆ."

"ನಿಮ್ ಮೊಮ್ಮಗಳನ್ನ ನಾವೂ ಹಿಂಡಿ ನೋಡಿದ್ವಿ. ಒಂದು ಒದೆ ತಡೆಯೋವಾಗ ಕಣ್ಣು ಮುಚ್ಚಿದ್ಲು. ಬಣ್ಣ ಬಿಡ್ತು."

ತಾತ ಮೊಮ್ಮಗಳ ಸೊಂಟದಿಂದ ತಾವೇ ಬೆಲ್ಟು ಬಿಚ್ಚಿ, ಮಡಚಿ, ಜುಬ್ಬದ ಜೇಬಿಗೆ ಹಾಕಿಕೊಂಡು, "ಮತ್ತೆ ಹಂಡೆಗೆ ಹಾಕಮ್ಮ" ಎಂದು ಹೋದರು.

ಮುಂದಿನ ಪರೀಕ್ಷೆಯಲ್ಲಿ ಹುಡುಗಿ ರೆಪ್ಪೆ ಮಿಟುಕಿಸದೆ ಪಾಸಾದಳು. ಸೊಸೆ ಹಸಿರು ಬೆಲ್ಟು ಕಟ್ಟಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ತಾತ ಮುಂದೆ ಬಂದು ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಬೆಲ್ಟಿನ ಅಂಚನ್ನು ಉಜ್ಜಿದರು. ಹಸಿರಾದ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಹುಡುಗಿ ಪಾಸಮ್ಮ. ನಿಮ್ ಬೆಲ್ಟು ಫೇಲು."

ಪೋಷಕರನ್ನು ಕರೆದುಕೊಂಡು ಬಾ

ಸೊಸೆ ಎರಡನೇ ಹಂತದ ಪರೀಕ್ಷೆಗೆ ದಾವಣಗೆರೆಗೆ ಹೋದಳು, ಫೇಲಾಗಿ ಬಂದಳು. ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ. ಅವಳು ಎಡವಿದ್ದು ಕಟಾದಲ್ಲಿ. ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಗೊತ್ತಾದ ಕ್ರಮದಲ್ಲಿ ಒಬ್ಬರೇ ಹೊಡೆಯುತ್ತ, ತಡೆಯುತ್ತ, ತಿರುಗುತ್ತ ಹೋಗುವುದಕ್ಕೆ ಕಟಾ ಎನ್ನುತ್ತಾರೆ. ಒಂದು ತಿರುವಿನಲ್ಲಿ ಅವಳ ನಿಲುವು ಅಲುಗಾಡಿತಂತೆ. ಇನ್ನೊಂದು ಅವಕಾಶ ಇತ್ತು, ಅದೊಂದೇ.

ಊರಿನವರು ಸಮಾಧಾನ ಹೇಳಲು ಬಂದರು. ಹಣ್ಣು ತಂದವರೂ ಇದ್ದರು, ಯಾರೋ ಆಸ್ಪತ್ರೆಯಲ್ಲಿದ್ದ ಹಾಗೆ. ಗ್ಯಾರೇಜು ನಡೆಸುವ ಸಾಹೇಬರೊಬ್ಬರು, ಅವರ ಮಗಳು ನಮ್ಮಲ್ಲಿ ಕಲಿಯುತ್ತಾಳೆ, ಬಾಗಿಲಲ್ಲೇ ನಿಂತು ಹೇಳಿದರು. "ಫಿಕರ್ ಮಾಡ್ಬೇಡಮ್ಮ. ಇಂಜಿನ್ ಚೆನ್ನಾಗೈತೆ. ತಿರುಗೋವಾಗ ಮಾತ್ರ ಸ್ವಲ್ಪ ಅಲೈನ್‌ಮೆಂಟು."

ಸೋಮವಾರ ಸೊಸೆ ಮಕ್ಕಳ ಮುಂದೆ ನಿಂತು, "ನಾನು ಫೇಲಾದೆ. ಎಲ್ಲಿ ತಪ್ಪಾಯ್ತು ಅಂತ ತೋರಿಸ್ತೀನಿ, ನೋಡಿ" ಎಂದು ಆ ತಿರುವನ್ನು ಮಾಡಿ ತೋರಿಸಿದಳು. ಆಗ ಅದೇ ಸಾಹೇಬರ ಮಗಳು, ಮೂರನೇ ಕ್ಲಾಸು, ಕೈ ಹಿಂದೆ ಕಟ್ಟಿಕೊಂಡು ಸಾಲಿನಿಂದ ಈಚೆಗೆ ಬಂದಳು. ಥೇಟ್ ನನ್ನ ಸೊಸೆಯ ನಡಿಗೆ.

"ಇನ್ನೊಂದ್ಸಲ ಮಾಡು... ಮಾಡ್ರಿ ಮೇಡಂ."

ಸೊಸೆ ಮಾಡಿದಳು.

"ಇನ್ನೊಂದ್ಸಲ."

ಮಾಡಿದಳು. ಹುಡುಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಲೆ ಅಲ್ಲಾಡಿಸಿ, ನನ್ನ ಸೊಸೆಯದೇ ದನಿಯಲ್ಲಿ ತೀರ್ಪು ಕೊಟ್ಟಳು. "ಮನೇಲಿ ಪ್ರಾಕ್ಟೀಸ್ ಮಾಡ್ತಿಲ್ಲ ನೀವು. ನಾಳೆ ಪೋಷಕರನ್ನ ಕರ್ಕೊಂಡು ಬರ್ರಿ."

ನಾನು ಮೇಜಿನ ಹಿಂದಿನಿಂದ ಎದ್ದು ನಿಂತು ಕೈ ಮುಗಿದೆ. "ಇಲ್ಲೇ ಇದೀನಮ್ಮ. ಇನ್ಮೇಲೆ ನಿಗಾ ಇಡ್ತೀನಿ."

ಬೀದಿಯ ಪಂಚಾಯಿತಿ

ಕೊಟ್ಟ ಮಾತಿಗೆ ತಕ್ಕಂತೆ ನಿಗಾ ಇಟ್ಟೆ. ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಅಭ್ಯಾಸ. ಒದೆಗೆ ಅಡ್ಡ ಹಿಡಿಯುವ ದಪ್ಪ ದಿಂಬನ್ನು ಹಿಡಿದು ನಿಲ್ಲಲು ಮಗ ಊರಲ್ಲಿರಲಿಲ್ಲ, ಲಾರಿ ಜೊತೆ ಹೋಗಿದ್ದ. ಆ ಕೆಲಸ ನನ್ನ ಯಜಮಾನರ ಪಾಲಿಗೆ ಬಂತು. ಅವರು ನಿವೃತ್ತ ಮೇಷ್ಟರು. ಪಂಚೆ ಎತ್ತಿ ಕಟ್ಟಿ, ದಿಂಬು ಎದೆಗೊತ್ತಿಕೊಂಡು ನಿಂತರು.

ಎದುರು ಮನೆಯವರು ಹಾಲು ತರಲು ಹೊರಟವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವರಿಗೆ ಕಂಡದ್ದು ಮೇಷ್ಟರ ಬೆನ್ನು ಮತ್ತು ಹಾರಿ ಬರುತ್ತಿದ್ದ ಸೊಸೆಯ ಕಾಲು. ದಿಂಬು ಕಾಣಲಿಲ್ಲ. ಹಾಲಿನ ಪಾತ್ರೆ ಅಲ್ಲೇ ಇಟ್ಟು ಓಡಿ, ಬೀದಿಯ ಹಿರಿಯರನ್ನೆಲ್ಲ ಎಬ್ಬಿಸಿಕೊಂಡು ಬಂದರು. ಎಲ್ಲರೂ ಗೇಟಿಗೆ ಬರುವುದಕ್ಕೂ ಯಜಮಾನರು, "ಏನಮ್ಮ ಇದು, ತಿಂಡಿ ತಿಂದಿಲ್ವಾ? ಜೋರಾಗಿ ಒದಿ!" ಎನ್ನುವುದಕ್ಕೂ ಸರಿಹೋಯಿತು.

ಹಿರಿಯರೊಬ್ಬರು ಗೇಟು ಹಿಡಿದುಕೊಂಡು ಕೂಗಿದರು. "ಮೇಷ್ಟ್ರೇ, ಏನ್ರೀ ಇದು ಅನ್ಯಾಯ! ಯಜಮಾನ್ತಿ ಎಲ್ಲಿ? ಮೊದ್ಲು ಅವರನ್ನ ಕರೀರಿ!"

ಯಜಮಾನರು ತಿರುಗಲೂ ಇಲ್ಲ. ತುಳಸಿಕಟ್ಟೆಯ ಪಕ್ಕ ಪೆನ್ನು ಹಿಡಿದು ಕೂತಿದ್ದ ನನ್ನ ಕಡೆ ಗಲ್ಲದಿಂದ ತೋರಿಸಿದರು.

"ಅಲ್ಲೇ ಕುಂತಾಳಲ್ರೀ. ಒದ್ದಿದ್ದು ಸಾಲ್ದು ಅಂತ ಅರ್ಧ ಅಂಕ ಕಳೆದ್ಲು ಈಗ."

ಎರಡು ಮಾತು

ಎರಡನೇ ಹಂತದ ಆ ವರ್ಷದ ಕೊನೆಯ ಪರೀಕ್ಷೆ ಚಳ್ಳಕೆರೆಯಲ್ಲೇ ನಡೆಯಿತು, ಒಂದು ಕಲ್ಯಾಣ ಮಂಟಪದಲ್ಲಿ. ಮೊಳಕಾಲ್ಮೂರು, ರಾಂಪುರದ ಕಡೆಯಿಂದ ಮಕ್ಕಳು, ಅವರ ಅವ್ವ ಅಪ್ಪಂದಿರು ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು. ಮದುವೆಗೂ ಇಷ್ಟು ಜನ ಸೇರುವುದಿಲ್ಲ ಎಂದು ಮಂಟಪದ ಮ್ಯಾನೇಜರು ಬೆರಗಾದ. ಎಲ್ಲರಿಗೂ ಒಂದೇ ಕುತೂಹಲ. ತಮ್ಮ ಮಕ್ಕಳನ್ನು ಫೇಲು ಮಾಡಿದ ಮೇಡಂ ಪಾಸಾಗುತ್ತಾರೋ ಇಲ್ಲವೋ.

ಹೊರಗಿನಿಂದ ಬಂದ ಮೂವರು ಪರೀಕ್ಷಕರು ವೇದಿಕೆಯ ಮೇಲೆ ಕೂತರು. ಮುಖ್ಯ ಪರೀಕ್ಷಕರು ನರೆತ ಹುಬ್ಬಿನ, ಕಡಿಮೆ ಮಾತಿನ ಮನುಷ್ಯ. ಸೊಸೆ ನಡುವೆ ಬಂದು ಬಾಗಿ ನಮಸ್ಕರಿಸಿ ಕಟಾ ಶುರು ಮಾಡಿದಳು. ನನ್ನ ಸೊಸೆಯೆಂದು ಹೇಳುವುದಲ್ಲ, ಗಾಳಿ ಹರಿದ ಸದ್ದು ಕೇಳುತ್ತಿತ್ತು. ಹಿಂದೆ ಅಲುಗಾಡಿದ್ದ ಆ ತಿರುವಿನಲ್ಲಿ ಕಂಬದ ಹಾಗೆ ನಿಂತಳು. ಮುಗಿಸಿ ಕೂಗು ಹಾಕಿದಾಗ ಅಡುಗೆ ಮನೆಯಲ್ಲಿ ಯಾರೋ ತಟ್ಟೆ ಬೀಳಿಸಿದರು.

ಮೂವರು ಪರೀಕ್ಷಕರೂ ತಲೆ ತಲೆ ಸೇರಿಸಿ ಮಾತಾಡಿದರು. "ಉತ್ತೀರ್ಣ" ಎಂದರು ಮುಖ್ಯ ಪರೀಕ್ಷಕರು. ಚಪ್ಪಾಳೆ, ಸಿಳ್ಳೆ. ಅದು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ನಮ್ಮ ಕಡೆ ಯಾವ ಸಮಾರಂಭವೂ ಎರಡು ಮಾತಿಲ್ಲದೆ ಮುಗಿಯುವುದಿಲ್ಲವಲ್ಲ. "ಇವರ ಅತ್ತೆಯವರು ಬಂದಿದ್ದಾರಂತೆ. ಅವರು ಎರಡು ಮಾತಾಡಬೇಕು" ಎಂದು ಮೈಕಿನಲ್ಲಿ ಕರೆದರು.

"ಮೈಕು ಬೇಡ, ಕೂತಲ್ಲಿಂದ್ಲೇ ಹೇಳ್ತೀನಿ" ಎಂದು ಎದ್ದು ನಿಂತೆ. ನಾನು ಕಂಡದ್ದು ಆ ಮೂವರಿಗೂ ಕಂಡಿರಲಿಲ್ಲ. ಸುಮ್ಮನಿದ್ದರೆ ಬೆಲ್ಟು ನಮ್ಮದು. ಆದರೆ ಅದೇ ತಪ್ಪಿಗೆ ನಾನೇ ಅಂಕ ಕಳೆದ ಮಕ್ಕಳು ಸುತ್ತಲೂ ಕೂತಿದ್ದರು.

"ಚೆನ್ನಾಗಿ ಮಾಡಿದ್ಲು. ಆದ್ರೆ ಕೊನೇ ಹೊಡೆತದಲ್ಲಿ ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿತ್ತು."

ಪಕ್ಕದಲ್ಲಿದ್ದ ಹೆಂಗಸು ಕುರ್ಚಿ ಸಮೇತ ಅತ್ತ ಸರಿದಳು. "ಅಯ್ಯಯ್ಯೋ, ನಮ್ಮತ್ತೆನೇ ವಾಸಿ" ಎಂದದ್ದು ನನಗೂ ಕೇಳಿಸಿತು.

ಮುಖ್ಯ ಪರೀಕ್ಷಕರು ಹುಬ್ಬು ಗಂಟಿಕ್ಕಿದರು. "ತಾಯಿ, ಮನೆ ಮಾತನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು. ಇದು ಪರೀಕ್ಷೆ."

"ಪರೀಕ್ಷೆ ಅಂತ್ಲೇ ಹೇಳಿದ್ದು ಸ್ವಾಮಿ. ಮನೆ ಮಾತಾಗಿದ್ರೆ ಬಾಯಿ ಮುಚ್ಕೊಂಡು ಹೋಗ್ತಿದ್ದೆ."

ಸೊಸೆ ನಡುವಿನಲ್ಲಿ ನಿಂತಿದ್ದಳು, ಬೆವರು ಇಳಿಯುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಪರೀಕ್ಷಕರಿಗೆ ಬಾಗಿ, "ಅತ್ತೆ ಹೇಳಿದ್ದು ಸರಿ ಸರ್. ನನಗೂ ಗೊತ್ತಾಯ್ತು. ಇನ್ನೊಂದ್ಸಲ ಮಾಡೋಕೆ ಅವಕಾಶ ಕೊಡಿ" ಎಂದಳು.

ಮುಖ್ಯ ಪರೀಕ್ಷಕರು ಒಂದು ಗಳಿಗೆ ಅವಳನ್ನು ನೋಡಿದರು, ಒಂದು ಗಳಿಗೆ ನನ್ನನ್ನು. ಆಮೇಲೆ ವೇದಿಕೆಯಿಂದ ಇಳಿದು ಬಂದು, ಅವಳ ಎಡಗಾಲಿನ ಪಕ್ಕದಲ್ಲೇ ನೆಲದ ಮೇಲೆ ಮಂಡಿಯೂರಿ ಕೂತರು. "ಮಾಡಮ್ಮ."

ಅವಳು ಮೊದಲಿನಿಂದ ಮಾಡಿದಳು. ಕೊನೆಯ ಹೊಡೆತ ಬಿತ್ತು. ಹಿಮ್ಮಡಿ ನೆಲಕ್ಕೆ ಮೊಳೆ ಹೊಡೆದ ಹಾಗಿತ್ತು. ಪರೀಕ್ಷಕರು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ನನ್ನ ಕಡೆ ತಿರುಗಿದರು. ಇಡೀ ಮಂಟಪವೂ ತಿರುಗಿತು.

"ಈಗ ಸರಿ ಐತೆ. ಕೊಡ್ರಿ" ಎಂದೆ.

ಆಗ ಎದ್ದ ಸದ್ದನ್ನು ನಾನು ಬರೆದು ತೋರಿಸಲಾರೆ. ಮಕ್ಕಳು ಸೊಸೆಯನ್ನು ಮುತ್ತಿಕೊಂಡರು. ತಂದೆ ತಾಯಂದಿರು ನನಗೆ ಕೈ ಮುಗಿದು ದೂರದಿಂದಲೇ ಹೋದರು. ಅಂದಿನಿಂದ ಇಂದಿನವರೆಗೆ, ನಮ್ಮ ಹುಡುಗನ್ನ ಸ್ವಲ್ಪ ನೋಡ್ಕೊಳ್ಳಿ ಎಂದು ನನ್ನ ಮೇಜಿನ ಮುಂದೆ ಯಾರೂ ಕುರ್ಚಿ ಎಳೆದುಕೊಂಡಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ನಾವಿಬ್ಬರೇ. ಸೊಸೆ ಹೊಸ ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತ, ಬಿಚ್ಚುತ್ತ ಕೂತಿದ್ದಳು. ಬೇಜಾರಾಗಿದೆಯೇನೋ ಎಂದು ನನಗೆ ಒಳಗೊಳಗೇ ಅಳುಕು. ಕೊನೆಗೆ ನನ್ನ ಭುಜಕ್ಕೆ ತಲೆಯಿಟ್ಟು ಹೇಳಿದಳು.

"ಅತ್ತೆ, ಮೂರನೇ ಹಂತದ ಪರೀಕ್ಷೆಗೂ ನೀವು ಬರ್ಬೇಕು. ಒಂದೇ ಒಂದು ಬೇಡಿಕೆ ನಂದು. ಮುಂದೆ ಕೂತ್ಕೋಬೇಡ್ರಿ, ಕೊನೇ ಸಾಲಲ್ಲಿ ಕೂತ್ಕೊಳ್ರಿ."

"ಈ ಸಲ ಕೂತಿದ್ದೂ ಕೊನೇ ಸಾಲಲ್ಲೇ ಕಣಮ್ಮ" ಎಂದೆ.